ಮಾವನಿಗೊಂದು ತಂಪು ಮನೆ

ಇನ್ನು ಕರೆಂಟಿಗೆ ಕೈಮುಗಿಯುವುದಿಲ್ಲ ಎಂದು ನಾನು ಶಪಥ ಮಾಡಿದ್ದು ಎಪ್ಪತ್ಮೂರರ ಬೇಸಿಗೆಯಲ್ಲಿ. ಹಿರಿಯೂರಿನ ಬಿಸಿಲು ಗೊತ್ತಲ್ಲ. ನಮ್ಮ ಮನೆಯ ಫ್ಯಾನು ತಿರುಗಿದ್ದಕ್ಕಿಂತ ನೇತಾಡಿದ್ದೇ ಹೆಚ್ಚು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದ ನಾನು ಒಂದು ನಕ್ಷೆ ಬರೆದು ಹೆಂಡತಿಯ ಮುಂದೆ ಹರಡಿದೆ.

"ಹಿತ್ತಲಲ್ಲಿ ಒಂದು ಪುಟ್ಟ ಮನೆ. ಫ್ಯಾನ್ ಬೇಡ, ಹಗಲು ದೀಪ ಬೇಡ. ಇಡೀ ತಾಲ್ಲೂಕೇ ನೋಡಾಕೆ ಬರಬೇಕು."

"ಮೊದ್ಲು ಬಚ್ಚಲ ಬಾಗ್ಲು ಸರಿ ಮಾಡ್ರಿ," ಎಂದಳು ಪಾಲಮ್ಮ. "ತಾಲ್ಲೂಕು ಬಂದಾಗ ಅದನ್ನೂ ನೋಡ್ತೈತೆ."

"ನಿಮ್ಮಪ್ಪಂಗೆ ಅಂತಾನೆ ಕಟ್ಟಾದು ಕಣೆ."

ಅವಳು ನಕ್ಷೆಯನ್ನು ತನ್ನತ್ತ ಎಳೆದುಕೊಂಡಳು. ನಾನು ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಾವ ಜುಂಜಪ್ಪನವರು ತುರುವನೂರಿನ ಕಡೆ ಜೀವಮಾನವಿಡೀ ಕುರಿ ಕಾಯ್ದವರು. ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದು, ಪೊರೆ ಹೋದ ಮೇಲೂ ಉಳಿದಿದ್ದರು. ನನ್ನ ಆರಾಮ ಕುರ್ಚಿ ಅವರ ಸಿಂಹಾಸನ, ನನ್ನ ರೇಡಿಯೊ ಅವರ ಆಸ್ಥಾನ ವಿದ್ವಾನ್. ಚಕ್ರವರ್ತಿಗಳಿಗೆ ಬೇರೆ ಅರಮನೆ ಕಟ್ಟಿಸಿ ಸಿಂಹಾಸನ ವಶಪಡಿಸಿಕೊಳ್ಳುವುದು ನನ್ನ ರಾಜತಂತ್ರ.

ಗಾರೆ ಕೆಲಸದ ಬೋರಪ್ಪ ನಾನು ಹೇಳಿದ್ದಕ್ಕೆಲ್ಲ "ಆಗ್ಲಿ ಸಾ" ಎಂದ. ಮೊಳ ದಪ್ಪದ ಮಣ್ಣಿನ ಗೋಡೆ ಎದ್ದಿತು. ಬಿಸಿಲು ಬೀಳದ ಕಡೆ ಒಂದೇ ಒಂದು ಪುಟ್ಟ ಕಿಟಕಿ. ನನ್ನ ಪ್ರತಿಭೆಯ ಶಿಖರ ಮಾತ್ರ ನೆಲದಡಿಯಲ್ಲಿತ್ತು. ನಮ್ಮ ಅಡುಗೆಮನೆಯಲ್ಲಿ ನೀರಿನ ಗಡಿಗೆ ಇಡುವ ಮೂಲೆ ಸದಾ ತಣ್ಣಗಿರುತ್ತಿತ್ತು. ಅಲ್ಲಿಂದ ಹಿತ್ತಲ ಮನೆಯವರೆಗೆ ನೆಲದೊಳಗೆ ದಪ್ಪ ಮಣ್ಣಿನ ಕೊಳವೆ ಹೂಳಿಸಿದೆ. ಅದರ ಆಚೆ ತುದಿ ಮಾವನವರ ತಲೆದಿಂಬಿನ ಪಕ್ಕ.

ತಣ್ಣನೆಯ ಗಾಳಿ ನಿಜವಾಗಿಯೂ ಬಂತು.

"ಅಳಿಯಂದ್ರೆ, ಹೊಂಗೆ ಮರದ ಕೆಳಗೆ ಮಲಗ್ದಂಗೈತೆ," ಎಂದರು ಮಾವ. ಬೀದಿಯವರೆಲ್ಲ ಬಂದು ಕೊಳವೆಗೆ ಕೈಯೊಡ್ಡಿ ನೋಡಿ ಹೋದರು. ನಾನು ಆರಾಮ ಕುರ್ಚಿಯಲ್ಲಿ ಒರಗಿಕೊಂಡೇ ಎಲ್ಲರಿಗೂ ಭಾಷಣ ಮಾಡಿದೆ.

ಆಮೇಲೆ ವಿಚಿತ್ರಗಳು ಶುರುವಾದವು. ಮಾವನವರ ಮುದ್ದೆಯ ಲೆಕ್ಕ ನಾನು ಅಡುಗೆಮನೆಯಲ್ಲಿ ಆಡಿಕೊಂಡರೆ, ಮಾರನೆಯ ದಿನ ಅವರು ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕವ್ವ, ನುಂಗಿದ್ದು ಜಾಸ್ತಿ ಆತು" ಎನ್ನುವರು. ಅವರ ಜೊತೆ ಹಿತ್ತಲಿಗೆ ಹೋಗಿದ್ದ ರೇಡಿಯೊದ ಸೆಲ್ಲಿನ ಬಗ್ಗೆ ಗೊಣಗಿದರೆ ರೇಡಿಯೊ ತಾನಾಗಿ ವಾಪಸ್ಸು. ಗುಡ್ಡದಾಚೆ ಕುರಿ ಕೆಮ್ಮಿದರೂ ಕೇಳಿಸುವ ಕಿವಿ ಇವರದು ಎಂದುಕೊಂಡೆ.

ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಪಾಲಮ್ಮನಿಗೆ ಹೇಳಿದೆ: "ಮಳೆ ಹಿಡೀಲಿ, ನಿಮ್ಮಪ್ಪನ್ನ ಶ್ರೀರಾಂಪುರದ ಬಸ್ ಹತ್ತಿಸ್ತೀನಿ. ನಿನ್ನ ತಂಗಿ ಮನೇಲಿರ್ಲಿ. ಹಿತ್ತಲ ಮನೆ ಬಾಡಿಗೆಗೆ ಕೊಡಾಣ."

ಅವಳು ಬಾಯಿ ತೆರೆಯುವ ಮೊದಲೇ ನೀರಿನ ಗಡಿಗೆಯ ಮೂಲೆ ಕೆಮ್ಮಿತು.

"ಮಳೆಗಂತ ಯಾಕೆ ಕಾಯ್ತೀರಿ, ಅಳಿಯಂದ್ರೆ? ಬಸ್ಸು ಇವತ್ತೂ ಐತೆ."

ಉಪ್ಪಿಟ್ಟಿನ ತಟ್ಟೆ ಅಲ್ಲೇ ಬಿಟ್ಟೆ. ಹಿತ್ತಲಿಗೆ ಓಡಿದೆ. ಮಾವ ಕಂಬಳಿ ಸುತ್ತುತ್ತಿದ್ದರು.

"ತಪ್ಪಾತು ಮಾವ. ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿಲ್ಲ, ಕೊಳವೆ ಇಟ್ಟ ಜಾಗ ತಪ್ಪೈತೆ," ಎಂದರು ಅವರು, ಸಿಟ್ಟಿಲ್ಲದೆ. "ನನ್ ಕುರಿಗಳೂ ಹಿಂಗೇ ನನ್ನ ಬೈಕಂತಿದ್ವೇನೋ. ಪುಣ್ಯಕ್ಕೆ ಅವುಕ್ಕೆ ಮಾತು ಬರ್ತಿರ್ಲಿಲ್ಲ."

ಹಿಂದೆಯೇ ಬಂದ ಪಾಲಮ್ಮ ಕಂಬಳಿಯನ್ನು ಕಂಕುಳಿಗೆ ಇರುಕಿಕೊಂಡಳು. "ಅಪ್ಪ, ನೀನು ಮುಂದ್ಲ ಮನೇಗೆ ನಡಿ." ಆಮೇಲೆ ನನ್ನತ್ತ ತಿರುಗಿ, "ನಿಮ್ ಹಾಸಿಗೆ ಇಲ್ಲಿಗೆ ಕಳಿಸ್ತೀನಿ. ತಣ್ಣಗೈತಲ್ಲ, ಇರ್ರಿ" ಎಂದಳು.

ಹೀಗೆ ಪಟ್ಟ ಕಳೆದುಕೊಂಡು ವನವಾಸಕ್ಕೆ ಬಂದೆ. ಅವರಿಬ್ಬರ ನಗು ಕೇಳಲಾರದೆ ಕೊಳವೆಗೆ ಹುಲ್ಲು ತುರುಕಿದೆ. ಸ್ವಲ್ಪ ಹೊತ್ತಿಗೆ ಸೆಕೆಯಲ್ಲಿ ಬೆಂದು ಹೋಗಿ ಹುಲ್ಲು ಕಿತ್ತೆಸೆದೆ. ಆಗ ಮಾವನ ದನಿ ಕೇಳಿಸಿತು.

"ಪಾಪ, ಅಳಿಯಂದ್ರನ್ನ ಒಳಗೆ ಕರಿ ಕಣವ್ವ. ಬುದ್ಧಿ ಬಂದಿರ್ಬೋದು."

ನಾನು ಚಪ್ಪಲಿ ಮೆಟ್ಟಿ ಸಿದ್ಧನಾಗಿಯೇ ನಿಂತೆ.

"ಇನ್ನೊಂದಷ್ಟು ದಿನ ಇರ್ಲಿ ಬಿಡಪ್ಪ," ಎಂದಳು ಪಾಲಮ್ಮ. "ಮದ್ವೆ ಆದಾಗಿಂದ ನಾನು ಹೇಳಿದ್ದು ಒಂದೂ ಅವ್ರ ಕಿವಿಗೆ ಬಿದ್ದಿರ್ಲಿಲ್ಲ. ಈಗ ಬೀಳ್ತೈತೆ."