ಶುದ್ಧ ಸಸ್ಯಾಹಾರಿ ಗ್ರೀಸು

ಇಂಗ್ಲಿಷರ ನಾಡಿನ ಪಿನ್ನರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದ ಉಮಾಶಂಕರನಿಗೆ ಹೆಣ್ಣು ನೋಡುವಾಗ ಆಗದ ಕಷ್ಟ ೧೯೯೯ನೇ ಇಸವಿಯಲ್ಲಿ ಒಂದು ಡಬ್ಬಿ ಎಣ್ಣೆ ಆರಿಸುವಾಗ ಆಯಿತು. ಹೆಣ್ಣನ್ನು ಅವನು ಧಾರವಾಡದಲ್ಲಿ ಎರಡು ತಟ್ಟೆ ಅವಲಕ್ಕಿ ಮುಗಿಸುವುದರೊಳಗೆ ಒಪ್ಪಿಕೊಂಡಿದ್ದ. (ಒಪ್ಪಿಕೊಂಡವಳು ತಾನು, ಅವರು ಅವಲಕ್ಕಿ ತಿನ್ನುತ್ತಿದ್ದರು ಅಷ್ಟೇ ಎಂದು ಹೆಂಡತಿ ವಿಶಾಲಾಕ್ಷಿ ಹೇಳುತ್ತಾಳೆ.) ಎಣ್ಣೆಗೆ ಮಾತ್ರ ಎರಡು ತಿಂಗಳು ಹಿಡಿಯಿತು.

ಅವನ ಬಳಿ ಹಲ್ಲು ಕಟ್ಟಿಸಿಕೊಂಡ ಡೆರೆಕ್ ಪಾಮರ್ ಎಂಬ ಹಿರಿಯರು ಊರಾಚೆ ಒಂದು ಬಂದೂಕು ಕ್ಲಬ್ಬಿನ ಕ್ಯಾಪ್ಟನ್. ಅಲ್ಲಿ ಯಂತ್ರವೊಂದು ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುತ್ತಾರೆ. ಆ ಬಿಲ್ಲೆಗೆ ಇಂಗ್ಲಿಷರು ಪಾರಿವಾಳ ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿಯೇ ವಿಶಾಲಾಕ್ಷಿ ಅಂಗಳದವರೆಗೆ ಹೋಗಿ, ಅಲ್ಲಿ ಸೇರಲು ಹೊರಟ ಗಂಡನನ್ನು ತಡೆದಿದ್ದಳು. ಉಮಾಶಂಕರ ಒಂದು ಬಿಲ್ಲೆಯನ್ನು ತಂದು ತೋರಿಸಿ, ಕುಟ್ಟಿ ಪುಡಿ ಮಾಡಿ, ಒಳಗೆ ಜೀವವಿಲ್ಲ ಎಂದು ಸಾಬೀತುಪಡಿಸಿದ ಮೇಲೆಯೇ ಅಪ್ಪಣೆ ಸಿಕ್ಕಿದ್ದು. ಪೊಲೀಸರ ಲೈಸೆನ್ಸ್ ಅದಕ್ಕಿಂತ ಬೇಗ ಸಿಕ್ಕಿತ್ತು.

ಜನವರಿಯಲ್ಲಿ ಡೆರೆಕ್ ಕ್ಲಬ್ಬಿನ ಹಳೆಯ ಪ್ರೆಸ್ಸನ್ನು ಇವನ ಗ್ಯಾರೇಜಿಗೆ ತಂದಿಳಿಸಿದರು. ಹೊಡೆದು ಖಾಲಿಯಾದ ತೋಟಾಗಳಿಗೆ ಮತ್ತೆ ಮದ್ದು, ಸೀಸದ ಕಾಳು ತುಂಬಿ ಬಾಯಿ ಮುಚ್ಚುವ ಕೈಯಂತ್ರ ಅದು. ನೋಡಲು ಚಕ್ಕಲಿ ಒರಳಿನ ಅಣ್ಣನ ಹಾಗೆ. ಹಿಡಿ ಎಳೆದರೆ ನಡುವಿನ ಕಂಬ ಕೆಳಗಿಳಿಯಬೇಕು. ಇಳಿಯುತ್ತಿತ್ತು, ಆದರೆ ನೆರೆಮನೆಯವರು ಕಿಟಕಿ ತೆರೆದು ಯಾರಿಗೆ ಏನಾಯಿತು ಎಂದು ಕೇಳುವಷ್ಟು ಕಿರುಚಿ ಇಳಿಯುತ್ತಿತ್ತು.

"ನಿನ್ನದು ಡೆಂಟಿಸ್ಟನ ಕೈ," ಎಂದಿದ್ದರು ಡೆರೆಕ್. "ಈಸ್ಟರ್‌ಗೆ ಒಂದು ವಾರ ಮುಂಚೆ ಪಂದ್ಯ. ಇನ್ನೂರು ತೋಟಾ ತುಂಬಿ ತಂದರೆ ತಂಡದ ನಾಲ್ಕನೇ ಜಾಗ ನಿನ್ನದು. ಇಲ್ಲದಿದ್ದರೆ ಪ್ರೆಸ್ಸೂ ಜಾಗವೂ ನೈಜೆಲ್‌ಗೆ."

ನೈಜೆಲ್ ನಿವೃತ್ತ ಪ್ಲಂಬರ್. ಉಮಾಶಂಕರನನ್ನು ಕಂಡಾಗಲೆಲ್ಲ, "ಏನು ಡಾಕ್ಟರೇ, ಇವತ್ತು ಎಷ್ಟು ಮೋಡಕ್ಕೆ ಹೊಡೆದಿರಿ?" ಎಂದು ಕೇಳುವ ಆಸಾಮಿ. ಅವನಿಗೆ ಜಾಗ ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು ಉಮಾಶಂಕರನ ತೈಲ ಮೀಮಾಂಸೆ. ಮೊದಲು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ. ಕಿರುಚಾಟ ನಿಂತಿತು. ಆದರೆ ಎಣ್ಣೆ ನೀರಿನಷ್ಟು ತೆಳು. ಕಂಬದಿಂದ ಜಾರಿ ತೋಟಾದೊಳಗಿನ ಮದ್ದಿಗೆ ತಾಗಿತು. ಅಭ್ಯಾಸದ ದಿನ ಎಲ್ಲರೆದುರು ಬಂದೂಕಿನ ಕುದುರೆ ಎಳೆದರೆ 'ಠುಸ್' ಎಂದಿತು. ಬಿಲ್ಲೆ ತನ್ನ ಪಾಡಿಗೆ ಹಾರಿ ಹೋಗಿ ಸುಖವಾಗಿ ಹುಲ್ಲಿನ ಮೇಲೆ ಕೂತಿತು. ನೈಜೆಲ್ ಟೋಪಿ ತೆಗೆದು ಅದಕ್ಕೆ ವಂದಿಸಿದ.

ಆಮೇಲೆ ಸೈಕಲ್ ಅಂಗಡಿಯ ಸ್ಪ್ರೇ. ಅದು ಮೂರು ದಿನಕ್ಕೆ ಗಾಳಿಯಲ್ಲಿ ಲೀನವಾಯಿತು. ಆಮೇಲೆ ಕಾರಿನ ಗಾಲಿಗೆ ಹಚ್ಚುವ ಕಪ್ಪು ಗ್ರೀಸು. ಗ್ಯಾರೇಜಿನ ಚಳಿಗೆ ಅದು ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿ, ಉಮಾಶಂಕರ ಎರಡೂ ಕಾಲು ನೆಲದಿಂದ ಎತ್ತಿ ಹಿಡಿಗೆ ಜೋತುಬಿದ್ದರೂ ಕಂಬ ಅಲ್ಲಾಡಲಿಲ್ಲ. ಹಾಗೆ ಜೋತುಬಿದ್ದಿದ್ದಾಗಲೇ ವಿಶಾಲಾಕ್ಷಿ ಬಾಗಿಲಲ್ಲಿ ಬಂದು ನಿಂತಿದ್ದು.

"ಏನ್ರಿ, ಬಾವಲಿ ಆಗೀರೇನು?"

"ಸುಮ್ಮನಿರು ವಿಶಾಲಾ. ಇದು ಸಂಶೋಧನಾ."

"ಒಂಚೂರು ಔಡಲೆಣ್ಣಿ ಹಚ್ಚಿ ನೋಡ್ರಿ. ನಮ್ಮಪ್ಪ ಚಕ್ಕಡಿ ಗಾಲಿಗೆ ಅದನ್ನ ಹಚ್ಚತಿದ್ದ."

"ಇದು ಚಕ್ಕಡಿ ಅಲ್ಲ, ಪ್ರಿಸಿಶನ್ ಮಷೀನು!" ಎಂದು ಪ್ರಿಸಿಶನ್ ಮಷೀನಿಗೆ ಜೋತುಬಿದ್ದುಕೊಂಡೇ ಗದರಿದ ಉಮಾಶಂಕರ.

ಪಂದ್ಯಕ್ಕೆ ಒಂದು ವಾರ ಉಳಿದಾಗ ಡೆರೆಕ್ ಕರುಣೆ ತೋರಿ ಒಂದು ಹಳೆಯ ತಗಡಿನ ಡಬ್ಬಿ ಕೊಟ್ಟರು. ಅವರ ಅಜ್ಜನ ಕಾಲದ ಪಾಕವಂತೆ. ಮುಚ್ಚಳ ತೆರೆದರೆ ಕೆನೆ ಬಣ್ಣದ ಮುದ್ದೆ. ಕಂಬಕ್ಕೆ ಬೆರಳಿನಷ್ಟು ಸವರಿದ್ದೇ ತಡ, ಪ್ರೆಸ್ಸು ಮಾತೇ ಆಡದೆ ಇಳಿಯಿತು, ಏರಿತು. ಉಮಾಶಂಕರನ ಕಣ್ಣಲ್ಲಿ ನೀರು ಬಂತು. ಸಂತೋಷ ತಡೆಯಲಾಗದೆ ಡಬ್ಬಿಯನ್ನು ಅಡುಗೆಮನೆಗೇ ಒಯ್ದು ಹೆಂಡತಿಯ ಮೂಗಿನ ಕೆಳಗೆ ಹಿಡಿದ. ಅದೇ ಅವನು ಮಾಡಿದ ತಪ್ಪು.

ಹುಚ್ಚು ದನದ ರೋಗದ ಗಲಾಟೆಯಲ್ಲಿ ಯಾವುದರೊಳಗೆ ಏನಿರುತ್ತದೆಂದು ತಿಳಿದಾಗಿನಿಂದ ವಿಶಾಲಾಕ್ಷಿ ಬಿಸ್ಕತ್ತು, ಸಾಬೂನು, ಟೂತ್‌ಪೇಸ್ಟು ಯಾವುದನ್ನೂ ಭೂತಗನ್ನಡಿ ಹಿಡಿದು ಲೇಬಲ್ ಓದದೆ ಮನೆಯೊಳಗೆ ಬಿಟ್ಟವಳಲ್ಲ. ದಿನಾ ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಯದೆ ಒಲೆ ಹಚ್ಚುವವಳಲ್ಲ. ಈ ಸಲ ಅವಳಿಗೆ ಭೂತಗನ್ನಡಿ ಬೇಕಾಗಲಿಲ್ಲ. ಒಮ್ಮೆ ಮೂಸಿದಳು.

"ಇದರಾಗ ಏನೈತಿ?"

"ಜೇನುಮೇಣ," ಎಂದ ಉಮಾಶಂಕರ.

"ಮತ್ತ?"

"ಮತ್ತ... ಸ್ವಲ್ಪ... ದನದ್ದು."

"ದನದ್ದು ಏನು? ತುಪ್ಪಾ?"

"ಅದರ ಹತ್ತಿರದ್ದು. ಒಳಗಿಂದು."

ಮಗಳು ಸಿರಿಶಾ ಹದಿನಾಲ್ಕರ ಹುಡುಗಿ, ಮೇಜಿನ ಮೇಲಿನ ಹೋಮ್‌ವರ್ಕಿನಿಂದ ತಲೆ ಎತ್ತದೆ, "ಮಮ್, ಇಟ್ಸ್ ಓನ್ಲಿ ಗ್ರೀಸ್," ಎಂದಳು.

"ನೀ ಸುಮ್ಮನಿರವಾ. ಏನ್ರಿ, ಹದಿನೆಂಟುನೂರಾ ಐವತ್ತೇಳರಾಗ ಕಂಪನಿ ಸರಕಾರದವರು ಇದನ್ನ ಮಾಡಿದ್ರು. ತೋಟಾಕ್ಕ ಕೊಬ್ಬು ಹಚ್ಚಿದ್ರು. ಆಮ್ಯಾಲೆ ಏನಾತು, ಹೇಳ್ರಿ."

"ದಂಗೆ ಆತು."

"ಅದಾದ ಮ್ಯಾಲೆ?"

"ಕಂಪನಿ ಹೋತು. ರಾಣಿ ಬಂದಳು."

"ನೆನಪಿಟ್ಟುಕೋರಿ," ಎಂದಳು ವಿಶಾಲಾಕ್ಷಿ. (ಈ ಮನೆಯಲ್ಲಿ ರಾಣಿ ಮೊದಲಿನಿಂದಲೂ ಇದ್ದಾಳೆ ಎನ್ನುವುದು ಉಮಾಶಂಕರನ ನಾಲಿಗೆಯ ತುದಿಗೆ ಬಂದಿತ್ತು. ಸಂಸಾರಸ್ಥ, ನುಂಗಿಕೊಂಡ.)

ದಂಗೆ ರಕ್ತಪಾತವಿಲ್ಲದೆ ನಡೆಯಿತು. ದನದ್ದು ನಮಗಾಗದು ಎಂಬ ಮಾತಿನೊಡನೆ ಡಬ್ಬಿ ಡೆರೆಕ್ ಮನೆಗೆ ವಾಪಸಾಯಿತು. ಗ್ಯಾರೇಜಿಗೆ ಬೀಗ ಬಿತ್ತು. ಬೀಗದ ಕೈ ದೇವರ ಜಗಲಿಯ ಮೇಲೆ, ಬಸವಣ್ಣನ ಪಟದ ಮುಂದೆ ಕೂತಿತು. ಇದರಲ್ಲಿದ್ದ ರಾಜತಂತ್ರ ಉಮಾಶಂಕರನಿಗೆ ಸಂಜೆ ಹೊಳೆಯಿತು. ಸ್ನಾನ ಮಾಡದೆ ಆ ಕೀಲಿ ಮುಟ್ಟುವಂತಿಲ್ಲ. ಸ್ನಾನ ಮಾಡಿ ಕೀಲಿ ಮುಟ್ಟಿದ ಕೈಯಿಂದ ಆ ಗ್ರೀಸು ಮುಟ್ಟುವಂತಿಲ್ಲ.

"ಶುದ್ಧ ಸಸ್ಯಾಹಾರಿ ಗ್ರೀಸು ಅಂತ ಬರದು ಕೊಟ್ಟವರು ಯಾರರ ಇದ್ರ ಹೇಳ್ರಿ," ಎಂದಳು ವಿಶಾಲಾಕ್ಷಿ. "ಬೀಗ ತಗೀತೇನಿ."

ಸೋಮವಾರ ಉಮಾಶಂಕರ ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಗ್ರೀಸು ತಯಾರಿಸುವ ಕಂಪನಿಯೊಂದಕ್ಕೆ ಫೋನು ಹಚ್ಚಿದ.

"ಕ್ಷಮಿಸಿ ಸರ್, ನಮ್ಮ ಗ್ರೀಸನ್ನು ತಿನ್ನಬಾರದು," ಎಂದ ಆ ಕಡೆಯ ಯುವಕ.

"ತಿನ್ನುವುದಿಲ್ಲ. ಸಸ್ಯಾಹಾರಿಯೇ ಅಂತ ಕೇಳಿದೆ."

"ಯಾರು ತಿನ್ನುತ್ತಾರೆ, ಸರ್?"

"ಯಾರೂ ತಿನ್ನುವುದಿಲ್ಲ. ಕಬ್ಬಿಣದ ಯಂತ್ರಕ್ಕೆ ಹಚ್ಚುತ್ತೇನೆ."

"ಯಂತ್ರ ಸಸ್ಯಾಹಾರಿಯೇ?"

"ಅಲ್ಲ, ನನ್ನ ಹೆಂಡತಿ."

"ಅರ್ಥವಾಯಿತು ಸರ್," ಎಂದ ಯುವಕ, ಮದುವೆಯಾದವನ ದನಿಯಲ್ಲಿ. ಆದರೆ ಏನೇನು ಹಾಕುತ್ತಾರೆ ಎನ್ನುವುದು ಕಂಪನಿಯ ಗುಟ್ಟಂತೆ. ಮಂಗಳವಾರ ಎರಡನೇ ಕಂಪನಿ. ಅಲ್ಲಿನವರು ಇವನನ್ನು ಯಾವುದೋ ರೇಡಿಯೋದ ತಮಾಷೆ ಕಾರ್ಯಕ್ರಮದವನೆಂದು ತಿಳಿದು ಹತ್ತು ನಿಮಿಷ ನಕ್ಕು ಫೋನಿಟ್ಟರು.

ಬುಧವಾರ ಮೂರನೇ ಕಂಪನಿಯಲ್ಲಿ ಸಿಕ್ಕವಳು ಮೌರೀನ್ ಎಂಬ ಹೆಂಗಸು. ಅವಳು ನಗಲಿಲ್ಲ. ಹತ್ತೊಂಬತ್ತು ವರ್ಷದಿಂದ ತಾನೂ ಮಾಂಸ ಬಿಟ್ಟವಳಂತೆ, ಆದರೆ ಈ ಪ್ರಶ್ನೆ ತನಗೇ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೊಂಡಳು. ಇರಿ ಎಂದು ಹೇಳಿ ಲ್ಯಾಬಿನ ಕೆಮಿಸ್ಟನನ್ನು ಊಟದಿಂದ ಎಬ್ಬಿಸಿ ಕೇಳಿ ಬಂದಳು.

"ಕೆಲವು ಗ್ರೀಸುಗಳಿಗೆ ಪ್ರಾಣಿಯ ಕೊಬ್ಬು ಹಾಕುವುದುಂಟಂತೆ, ಡಾಕ್ಟರ್. ನಮ್ಮ ಬಿಳಿ ಗ್ರೀಸಿನಲ್ಲಿ ಇಲ್ಲ. ಅದನ್ನು ಮಂದ ಮಾಡಲು ಬಳಸುವುದು ಕ್ಯಾಸ್ಟರ್ ಎಣ್ಣೆಯ ಸತ್ವ. ಬೀಜ ಬಹುಶಃ ನಿಮ್ಮ ದೇಶದ್ದೇ. ಪತ್ರ ಬರೆದು ಸಹಿ ಹಾಕಿಸಿ ಕಳಿಸಲೇ?"

ಕ್ಯಾಸ್ಟರ್ ಎಣ್ಣೆ ಎಂದರೆ ಔಡಲೆಣ್ಣೆ. ಉಮಾಶಂಕರ ಫೋನು ಹಿಡಿದೇ ಕುರ್ಚಿಯಲ್ಲಿ ಕುಸಿದ. ಕಾಯುತ್ತಿದ್ದ ರೋಗಿ, ಡಾಕ್ಟರಿಗೇ ಹಲ್ಲುನೋವು ಬಂತೆಂದು ತಿಳಿದು ನೀರು ತಂದುಕೊಟ್ಟ.

ಗುರುವಾರ ಪತ್ರವೂ ಡಬ್ಬಿಯೂ ಬಂದವು. ವಿಶಾಲಾಕ್ಷಿ ಭೂತಗನ್ನಡಿ ಹಿಡಿದು ಪತ್ರವನ್ನು ಎರಡು ಸಲ ಓದಿದಳು. ಮೂರನೇ ಸಲ ಗಟ್ಟಿಯಾಗಿ ಓದಿ, ಏನೂ ತಿಳಿಯದವಳ ಹಾಗೆ ಗಂಡನ ಮುಂದೆ ಹಿಡಿದಳು.

"ಏನಂತ ಬರದಾರ ಇಲ್ಲೆ? ನನಗ ಇಂಗ್ಲಿಷ್ ಅಷ್ಟು ಬರಂಗಿಲ್ಲ. ನೀವ ಓದ್ರಿ."

"ಕ್ಯಾಸ್ಟರ್ ಆಯಿಲ್," ಎಂದ ಉಮಾಶಂಕರ ನೆಲ ನೋಡುತ್ತ.

"ಕನ್ನಡದಾಗ?"

"ಔಡಲೆಣ್ಣಿ."

"ಚಕ್ಕಡಿಗೆ ಹಚ್ಚೂದಾ?"

"ಹೂಂ, ಅದನ್ನ!"

ಅಷ್ಟು ಸಾಕಾಯಿತು ಅವಳಿಗೆ. ಸ್ನಾನ ಮಾಡಿ ಕೀಲಿ ತಂದಳು. ಆದರೆ ದನದ ಕೊಬ್ಬು ತಾಗಿದ ಯಂತ್ರವನ್ನು ಹಾಗೇ ಬಿಟ್ಟಾಳೆಯೇ? ಗಂಡನ ಕೈಯಲ್ಲಿ ಮೂರು ಸಲ ಕುದಿನೀರು, ಸೋಡಾ ಹಾಕಿ ತಿಕ್ಕಿಸಿದಳು, ಬಟ್ಟೆಯಿಂದ ಒರೆಸಿಸಿದಳು. ಪ್ರೆಸ್ಸಿನ ಹಣೆಗೆ (ಅದಕ್ಕೂ ಒಂದು ಹಣೆ ಹುಡುಕಿದಳು) ಮೂರು ಬೆರಳು ವಿಭೂತಿ ಎಳೆದಳು. ಆಮೇಲೆ ಉಮಾಶಂಕರ ಬಿಳಿ ಗ್ರೀಸನ್ನು ಉಗುರಿನಷ್ಟು ತೆಗೆದು ಕಂಬಕ್ಕೆ ತೆಳ್ಳಗೆ ಸವರಿ, ಕಣ್ಣುಮುಚ್ಚಿ ಹಿಡಿ ಎಳೆದ.

ಸದ್ದೇ ಇಲ್ಲ. ಕಂಬ ಇಳಿಯಿತು, ಏರಿತು. ಚಳಿಗೆ ಗಟ್ಟಿಯಾಗಲಿಲ್ಲ, ಸೋರಲಿಲ್ಲ. ಶುಕ್ರವಾರ, ಶನಿವಾರ ಕೂತು ಇನ್ನೂರು ತೋಟಾ ತುಂಬಿದ.

ಭಾನುವಾರ ಮನೆಮಂದಿಯೆಲ್ಲ ಪಂದ್ಯಕ್ಕೆ ಹೋದರು. ವಿಶಾಲಾಕ್ಷಿ ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ಹಾಕಿ, ಕೆಸರಿಗೆಂದು ಮೊಣಕಾಲವರೆಗಿನ ರಬ್ಬರ್ ಬೂಟು ತೊಟ್ಟಿದ್ದಳು. ಉಮಾಶಂಕರ ಕುದುರೆ ಎಳೆದಾಗಲೆಲ್ಲ ಅವಳು ಶಿವನಾಮ ಹೇಳಿದಳು, ಹೆಚ್ಚುಕಡಿಮೆ ಪ್ರತಿ ಸಲವೂ ಬಿಲ್ಲೆ ಒಡೆಯಿತು. ತಂಡದವರೆಲ್ಲ ಸೇರಿ ಹೊಡೆದ ಇನ್ನೂರರಲ್ಲಿ ಒಂದೇ ಒಂದು ತೋಟಾವೂ ಠುಸ್ ಅನ್ನಲಿಲ್ಲ. ಉಮಾಶಂಕರ ಇಪ್ಪತ್ತೈದಕ್ಕೆ ಇಪ್ಪತ್ತಮೂರು ಹೊಡೆದ. ಅವನ ಕೊನೆಯ ಬಿಲ್ಲೆ ಪುಡಿಯಾದಾಗ ಅವರ ಕ್ಲಬ್ಬು ಒಂದೇ ಬಿಲ್ಲೆಯಿಂದ ಗೆದ್ದಿತ್ತು. ನೈಜೆಲ್ ಬಂದು ಕೈಕುಲುಕಿ, "ಯಾವ ಗ್ರೀಸು, ಡಾಕ್ಟರೇ?" ಎಂದು ಕೇಳಿದ. ದನಿ ತೀರ ಮೆತ್ತಗಿತ್ತು. ಉಮಾಶಂಕರನಿಗೆ ಈ ಜನ್ಮಕ್ಕೆ ಇಷ್ಟು ಸಾಕು ಅನಿಸಿತು.

ಡೆರೆಕ್ ಬಹುಮಾನದ ಮೇಜಿನ ಮುಂದೆ ನಿಂತು ಎಲ್ಲ ಕಥೆಯನ್ನೂ ಹೇಳಿದರು. ಈ ವಿಜಯದ ಗುಟ್ಟು ಒಬ್ಬ ಹೆಣ್ಣುಮಗಳ ಹಟ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಪ್ಪನ್ನು ತಂಡಕ್ಕೆ ಕೊಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ ಗುಲಾಬಿ ರಿಬ್ಬನ್ ಕಟ್ಟಿದ ದುಂಡನೆಯ ದೊಡ್ಡ ಗಂಟೊಂದನ್ನು ಎರಡೂ ಕೈಯಲ್ಲಿ ಎತ್ತಿ ವಿಶಾಲಾಕ್ಷಿಯ ಕೈಗಿಟ್ಟರು. ಯಾರು ಉಡುಗೊರೆ ಕೊಟ್ಟರೂ ಪ್ರಸಾದದಂತೆ ತೆಗೆದುಕೊಳ್ಳುವ ವಿಶಾಲಾಕ್ಷಿ ಎರಡು ಕೈ ಚಾಚಿ ತೆಗೆದುಕೊಂಡು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು.

ಡೆರೆಕ್ ಉಮಾಶಂಕರನ ಕಿವಿಯಲ್ಲಿ ಹೆಮ್ಮೆಯಿಂದ ಪಿಸುಗುಟ್ಟಿದರು: "ಜೇನು ಸವರಿ ಸುಟ್ಟ ಹ್ಯಾಮ್. ಹನ್ನೊಂದು ಪೌಂಡು. ದನದ್ದಲ್ಲ, ಪೂರ್ತಿ ಹಂದಿಯದೇ. ನಿಮಗಾಗಿ ನಾನೇ ವಿಚಾರಿಸಿ ತಂದೆ."

ಉಮಾಶಂಕರ ಡೆರೆಕ್ ಅವರ ಕೈ ಕುಲುಕಿದ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಕಾರಿನಲ್ಲಿ ಗಂಟು ವಿಶಾಲಾಕ್ಷಿಯ ತೊಡೆಯ ಮೇಲೆ ಕೂತಿತ್ತು. "ಎಷ್ಟು ಛಲೋ ಮಂದಿ," ಎನ್ನುತ್ತಿದ್ದಳು. "ಚೀಸ್ ಇರಬೇಕು. ಭಾಳ ಒಜ್ಜಿ ಐತಿ. ಮನಿಗೆ ಹೋದಕೂಡ್ಲೆ ದೇವರ ಮುಂದ ಇಟ್ಟು, ಆಮ್ಯಾಲೆ ಬಿಚ್ಚೂಣು." ದಾರಿಯಲ್ಲಿನ ಸ್ಟ್ಯಾನ್ಮೋರ್ ಊರು ದಾಟಿತು. ಸಿಗ್ನಲ್ಲುಗಳೆಲ್ಲ ಆ ದಿನವೇ ಹಸಿರು. ಮನೆಯ ಮುಂದೆ ಕಾರು ನಿಂತಾಗ ಅವಳು ಬಾಗಿಲಿಗೆ ಕೈ ಹಾಕಿದಳು.

"ವಿಶಾಲಾ, ಅದು ಚೀಸ್ ಅಲ್ಲ!" ಎಂದು ಉಮಾಶಂಕರ ಒಂದೇ ಉಸುರಿಗೆ ಎಲ್ಲವನ್ನೂ ಹೇಳಿಬಿಟ್ಟ.

ಹಿಂದಿನ ಸೀಟಿನಲ್ಲಿ ಸಿರಿಶಾ, "ಓ ಮೈ ಗಾಡ್," ಎಂದು ಬಾಯಿಗೆ ಸ್ಕಾರ್ಫು ತುರುಕಿಕೊಂಡಳು.

ವಿಶಾಲಾಕ್ಷಿ ಗಂಟನ್ನೂ ಗಂಡನನ್ನೂ ಒಂದಾದ ಮೇಲೊಂದು ನೋಡಿದಳು. ಆಮೇಲೆ ಶಾಂತವಾಗಿ ಹೇಳಿದಳು: "ಅವರು ಪ್ರೀತಿಯಿಂದ ಕೊಟ್ರು. ನಾ ಪ್ರೀತಿ ಕಣ್ಣಿಗೆ ಒತ್ತಿಕೊಂಡೇನಿ, ಒಳಗಿಂದನ್ನಲ್ಲ. ಶಿವಗ ಅಷ್ಟು ತಿಳೀತೈತಿ. ಬಾಜೂಕಿನ ಮನಿ ಅಜ್ಜಿಗೆ ಕೊಟ್ಟು ಬರ್ರಿ, ಈಸ್ಟರ್‌ಗೆ ಖುಷಿ ಆಗತಾಳ. ಡೆರೆಕ್ ಅವರಿಗೆ ಮಾತ್ರ ಹೇಳಬ್ಯಾಡ್ರಿ, ಪಾಪ, ಮನಸ್ಸಿಗೆ ಹಚ್ಚಿಕೊಂತಾರ."

ಇಷ್ಟು ಸುಲಭವಾಗಿ ಮುಗಿಯಿತೇ! ಉಮಾಶಂಕರ ಹಾರುತ್ತಲೇ ಹೋಗಿ ಹ್ಯಾಮು ಒಪ್ಪಿಸಿ ಬಂದ. ಬಂದಾಗ ಹೆಂಡತಿ ಸ್ನಾನ ಮುಗಿಸಿ, ಸೋಫಾದ ಮೇಲೆ ಕಾಲು ಚಾಚಿ ಕೂತು ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಶಿವಗ ತಿಳೀತೈತಿ, ಖರೆ," ಎಂದಳು. "ಆದ್ರ ಈ ಕೈಗೆ ತಿಳಿಯವಲ್ದು. ಇದರಿಂದ ಒಲಿ ಮುಟ್ಟಾಕ ಮನಸ್ಸಾಗವಲ್ದು. ಎಷ್ಟು ಪೌಂಡ್ ಇತ್ತಂದ್ರಿ?"

"ಹನ್ನೊಂದು."

"ಹಂಗಾರ ಹನ್ನೊಂದು ದಿನ. ಪೌಂಡಿಗೆ ಒಂದ."

ವಿಜಯೀ ಉಮಾಶಂಕರ ಕೋಟಿನ ಮೇಲೆಯೇ ಏಪ್ರನ್ ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಂತ. ಉಪ್ಪಿಟ್ಟಿಗೆ ರವೆ ಸಿಕ್ಕಿತು, ಬಾಣಲೆ ಸಿಕ್ಕಿತು. ಕಪಾಟು ತೆರೆದರೆ ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದವು. ಅವನು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ.

ಸೋಫಾದ ಕಡೆಯಿಂದ ದನಿ ಬಂತು:

"ಏನ್ರಿ, ಯಾವುದರ ಒಂದು ಹಾಕ್ರಿ. ಇದಕ್ಕೂ ಎರಡು ತಿಂಗಳು ವಿಚಾರ ಮಾಡಬ್ಯಾಡ್ರಿ, ನಮಗ ಹಸಿವಾಗೈತಿ."