ಮುಟ್ಟಿದರೆ ಮಾತಾಡುವ ಬಾಲ್ಯ

ದೊಡ್ಡವಳಾದ ಮೇಲೆ ನೆನೆಸಿಕೊಳ್ಳಲು ತನ್ನ ಮಗಳಿಗೆ ಏನೂ ಇರುವುದಿಲ್ಲ ಎಂಬ ಚಿಂತೆ ಆ ತಾಯಿಯನ್ನು ಹಿಡಿದದ್ದು ಬಿಡಲೇ ಇಲ್ಲ. ಮರ ಹತ್ತಲು ಬಿಟ್ಟಿರಲಿಲ್ಲ, ಬಿದ್ದಾಳೆಂದು. ಮಣ್ಣು ಮುಟ್ಟಲು ಬಿಟ್ಟಿರಲಿಲ್ಲ, ಹುಳು ಇದ್ದೀತೆಂದು. ಬದಲಿಗೆ ಕೊಡಿಸಿದ ಮೇಣದ ಬಣ್ಣದ ಕಡ್ಡಿಗಳನ್ನೂ ಕ್ರಿಮಿ ಸಾಯಲೆಂದು ಕುದಿಯುವ ನೀರಿಗೆ ಹಾಕಿ, ಪಾತ್ರೆಯಲ್ಲಿ ಕಾಮನಬಿಲ್ಲನ್ನೇ ಕರಗಿಸಿಟ್ಟಿದ್ದಳು. ಅದರ ಫೋಟೋ ನೋಡಿದ ಅವಳ ಅಕ್ಕ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ, "ಸೂಪ್ ಚೆನ್ನಾಗಿದೆ, ಉಪ್ಪು ಹಾಕಿದ್ಯಾ?" ಎಂದು ಬರೆದಳು. ಅಂದಿನಿಂದ ಅಕ್ಕನಿಗೆ ಫೋನ್ ಬಂದ್.

ಆ ತಾಯಿಯದ್ದೂ ತಪ್ಪಲ್ಲ ಬಿಡಿ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇರುತ್ತದಲ್ಲ, ಕಂಪ್ಯೂಟರಿನಲ್ಲಿ ಅದರ ಪುಟ ಜೋಡಿಸುವುದು ಅವಳ ಉದ್ಯೋಗ. ಬೆಳಗಿನಿಂದ ಸಂಜೆಯವರೆಗೆ 'ತಲೆಸುತ್ತು, ವಾಂತಿ, ಅಪರೂಪಕ್ಕೆ ಪ್ರಜ್ಞೆ ತಪ್ಪುವುದು' ಎಂಬುದನ್ನೇ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಕೂರಿಸುವವಳಿಗೆ ಲೋಕ ಇನ್ನು ಹೇಗೆ ಕಂಡೀತು?

ಹೀಗಿರುವಾಗ ಗ್ರಂಥಾಲಯದ ಮಕ್ಕಳ ವಿಭಾಗದವರು ಒಂದು ಪ್ರದರ್ಶನ ಇಟ್ಟುಕೊಂಡರು. ತಂದೆತಾಯಂದಿರು ತಮ್ಮ ಬಾಲ್ಯದ ನೆನಪುಗಳನ್ನು ಕತ್ತರಿಸಿ ಅಂಟಿಸಿ ಡಿಜಿಟಲ್ ಕೊಲಾಜ್ ಮಾಡಿಕೊಡಬೇಕು. ದೊಡ್ಡ ಟಚ್‌ಸ್ಕ್ರೀನಿನ ಮೇಲೆ ಮಕ್ಕಳು ಬೆರಳಿಟ್ಟರೆ ಚಿತ್ರ ಅಲುಗಬೇಕು, ಮಾತಾಡಬೇಕು.

"ನನ್ನ ಬಾಲ್ಯವನ್ನೇ ಮಗಳಿಗೆ ಧಾರೆ ಎರೆದುಬಿಡ್ತೀನಿ" ಎಂದು ಗಂಡನೆದುರು ಘೋಷಿಸಿದಳು.

"ಎರಿ. ಒದ್ದೆಯಾಗಿ ನೆಗಡಿ ಆಯ್ತು ಅಂತ ಆಮೇಲೆ ಅವಳನ್ನ ಡಾಕ್ಟರ್ ಹತ್ರ ಓಡಿಸ್ಬೇಡ" ಎಂದ ಆತ, ಪೇಪರಿನಿಂದ ತಲೆ ಎತ್ತದೆ.

ಊಟ ನಿದ್ದೆ ಬಿಟ್ಟು ಕೂತಳು. ಹಳೆಯ ಆಲ್ಬಮ್ಮನ್ನು ಸ್ಕ್ಯಾನ್ ಮಾಡಿದಳು. ಸೈಕಲ್ ಮುಟ್ಟಿದರೆ ಗಂಟೆ ಬಾರಿಸಬೇಕು, ಕೈಬಿಟ್ಟು ಇಳಿಜಾರಿನಲ್ಲಿ ಹಾರಿ ಮೋರಿಗೆ ಬಿದ್ದ ಕಥೆಯನ್ನು ಅವಳದೇ ದನಿ ಹೇಳಬೇಕು. ಕೊಡೆ ಮುಟ್ಟಿದರೆ ಅದು ಅರಳಿ, ಪುಟ್ಟ ಹುಡುಗಿಯೊಬ್ಬಳು ಅದನ್ನು ಹಿಡಿದು ಮಹಡಿಯಿಂದ ಕೆಳಗೆ ತೇಲಬೇಕು. ಶಾಲೆಯ ಚೀಲ ಮುಟ್ಟಿದರೆ ಒಳಗಿಂದ ಬೆಕ್ಕಿನ ಮರಿಗಳು ಇಣುಕಬೇಕು. ಆಲ್ಬಮ್ಮಿನ ತುಂಬ ಅವಳದು ಅತ್ತು ಊದಿದ ಮುಖವೇ. ಹುಡುಕಿ ಹುಡುಕಿ, ನಗುವ ಮುಖವೊಂದನ್ನು ಹೆಕ್ಕಿ ಎಲ್ಲ ಸಾಹಸಗಳ ಮೇಲೂ ಅಂಟಿಸಿದಳು. ಮುಗಿದಾಗ ಅವಳಿಗೇ ಹೆಮ್ಮೆಯಿಂದ ಕಣ್ಣು ತುಂಬಿತು. ಎಂಥ ಗಂಡೆದೆಯ ಹುಡುಗಿಯಾಗಿದ್ದೆ ನಾನು!

ಪ್ರದರ್ಶನದ ಹಿಂದಿನ ಸಂಜೆ ಟ್ಯಾಬ್ ತಂದು ಮಗಳ ಮುಂದಿಟ್ಟಳು. ಮಗಳು ಸೈಕಲ್ಲಿಗೆ ಬೆರಳಿಟ್ಟಳು. ಗಂಟೆ ಬಾರಿಸಿತು. "ಆ ಗಾಯದ ಗುರುತು ನನ್ನ ಮಂಡಿಯ ಮೇಲೆ ಇವತ್ತಿಗೂ ಇದೆ" ಎಂದಿತು ಟ್ಯಾಬಿನೊಳಗಿನ ಅಮ್ಮ. ಮಗಳು ಸೀದಾ ಹೊರಗಿನ ಅಮ್ಮನ ಮಂಡಿಯನ್ನು ಪರೀಕ್ಷಿಸತೊಡಗಿದಳು.

"ಎಲ್ಲಮ್ಮಾ ಗಾಯ?"

"ಇನ್ನೊಂದು ಮಂಡಿ ನೋಡು ಪುಟ್ಟಾ."

"ಅದ್ರಲ್ಲೂ ಇಲ್ಲ."

ಗಂಡ ಈಗ ಪೇಪರ್ ಮಡಚಿದ. "ಅಲ್ಲ ಕಣೇ, ನಿಂಗೆ ಸೈಕಲ್ ಬರುತ್ತಾ?"

"ಚಿಕ್ಕವಳಿದ್ದಾಗ ಬರ್ತಿತ್ತು."

"ಅದೇನು ಮಗ್ಗಿನಾ, ಮರೆತುಹೋಗೋಕೆ?"

ಅವಳು ತಕ್ಷಣ ತನ್ನ ಅಮ್ಮನಿಗೆ ವಿಡಿಯೋ ಕರೆ ಮಾಡಿ, ಕೊಲಾಜನ್ನು ಒಂದೊಂದಾಗಿ ಮುಟ್ಟಿ ತೋರಿಸಿದಳು. ಅಮ್ಮ ಕನ್ನಡಕ ಏರಿಸಿ ಇಳಿಸಿ ನೋಡಿದಳು.

"ನಿಂಗೆಲ್ಲಿ ಸೈಕಲ್ ಬರ್ತಿತ್ತೇ? ಅದರ ಗಂಟೆ ಕೇಳಿದ್ರೆ ನನ್ನ ಸೆರಗು ಹಿಡ್ಕೋತಿದ್ದೆ. ಮಂಡಿ ಮೇಲೆ ಗುರುತು ಇರೋದು ನಿಮ್ಮಕ್ಕಂಗೆ."

"ಮತ್ತೆ ಬೆಕ್ಕಿನ ಮರಿ?"

"ಬೆಕ್ಕು ಅಂದ್ರೆ ನೀನು ಮಂಚ ಹತ್ತಿ ಕೂರ್ತಿದ್ದೆ. ಇಳಿಸೋಕೆ ನಿಮ್ಮಪ್ಪ ಬರಬೇಕಿತ್ತು."

"ಹೋಗ್ಲಿ, ಮುಖ ಚೆನ್ನಾಗಿ ಬಂದಿದೆ ಅಲ್ವಾ?"

ಅಮ್ಮ ಫೋನನ್ನು ಕಣ್ಣಿನ ಹತ್ತಿರ ತಂದಳು. "ಬಂದಿದೆ. ಅದೂ ನಿಮ್ಮಕ್ಕಂದು."

ಗಂಡ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ. ಅಡುಗೆಮನೆಯಿಂದ ಬಂದ ಸದ್ದು ನೀರು ಕುಡಿಯುವುದರದ್ದಾಗಿರಲಿಲ್ಲ.

ಅವಳು ಟ್ಯಾಬನ್ನು ಬೋರಲು ಹಾಕಿದಳು. ನಾಳೆ ಬೆಳಿಗ್ಗೆ ಮಗಳ ಗೆಳತಿಯರೆಲ್ಲ ಬಂದು ಮುಟ್ಟುವುದು ಕದ್ದ ಮಾಲನ್ನು. ತೆಗೆದುಬಿಡೋಣವೆಂದರೆ ಮಗಳಿಗೆ ಕೊಡಲು ತನ್ನದೆಂಬ ಬಾಲ್ಯ ಒಂದು ತುಣುಕೂ ಉಳಿಯುವುದಿಲ್ಲ. ಇಟ್ಟುಕೊಳ್ಳೋಣವೆಂದರೆ ಒಡತಿಯ ಅಪ್ಪಣೆ ಬೇಕು. ಒಡತಿಯೋ, ಬಣ್ಣದ ಕಡ್ಡಿ ಕರಗಿದ್ದಕ್ಕೇ ಉಪ್ಪು ಸವರಿದವಳು. ಇದು ಸಿಕ್ಕರೆ ಬಿಟ್ಟಾಳೆಯೇ?

ಫೋನ್ ಎತ್ತಿದಳು, ಇಟ್ಟಳು. ಮತ್ತೆ ಎತ್ತಿದಳು. ಮಗಳು ಮಡಿಲಿಗೆ ಬಂದು ಕೂತು, "ಸ್ಪೀಕರ್ ಹಾಕು" ಎಂದು ಅಪ್ಪಣೆ ಕೊಡಿಸಿದಳು. ಕೊನೆಗೂ ಅಕ್ಕನ ಹೆಸರನ್ನು ಒತ್ತಿದಳು.

"ಓಹೋ, ಏನಮ್ಮಾ ಮಹಾರಾಣಿ, ಕೋಪ ಇಳೀತಾ?" ಎಂದಳು ಅಕ್ಕ.

ಇವಳು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದಳು. ಸೈಕಲ್, ಕೊಡೆ, ಬೆಕ್ಕು, ಮುಖ. "ನಿನ್ನ ಬಾಲ್ಯಾನ ನಂದು ಅಂದ್ಕೊಂಡ್ಬಿಟ್ಟೆ ಅಕ್ಕಾ."

"ನಂದು ಅಂತ ನಿಂಗ್ಯಾರು ಹೇಳಿದ್ರು? ಆ ಗುರುತು ಬಾಗಿಲು ತಾಗಿ ಆಗಿದ್ದು. ನಮ್ಮ ಮನೆ ಹತ್ರ ಇಳಿಜಾರು ಎಲ್ಲಿತ್ತೇ? ಕರೆಂಟ್ ಹೋದ್ರೆ ನೀನು ಊರಿಗೆಲ್ಲ ಕೇಳೋ ಹಾಗೆ ಅಳ್ತಿದ್ದೆ. ಸುಮ್ಮನಾಗ್ಲಿ ಅಂತ ನಾನು ಬಾಯಿಗೆ ಬಂದ ಕಥೆ ಹೇಳ್ತಿದ್ದೆ. ಕತ್ತಲಲ್ಲಿ ಕೈ ಬಿಟ್ಟು ಸೈಕಲ್ ಹೊಡೆಯೋದು ಸುಲಭ."

"ಹಾಗಾದ್ರೆ ನಿಜವಾಗ್ಲೂ ನಾನು ಏನು ಮಾಡ್ತಿದ್ದೆ?"

ಅಕ್ಕ ಉತ್ತರಿಸುವ ಮೊದಲೇ ಮಡಿಲಲ್ಲಿದ್ದವಳು ಫೋನಿನತ್ತ ಬಾಗಿದಳು. ಮುಖ ಸಣ್ಣಗಾಗಿತ್ತು.

"ದೊಡ್ಡಮ್ಮಾ, ಮೋರಿಯಿಂದ ಎದ್ಮೇಲೆ ಸೋಪು ಹಾಕಿ ಕೈ ತೊಳ್ಕೊಂಡ್ಯಾ?"

ಅಕ್ಕ ನಗು ತಡೆದುಕೊಂಡು ಹೇಳಿದಳು:

"ಇದೇ ಕಣೇ. ಕಥೆ ಮುಗಿದ ತಕ್ಷಣ ನೀನು ಪ್ರತಿ ಸಲ ಇದನ್ನೇ ಕೇಳ್ತಿದ್ದೆ. ನಿನ್ನ ಬಾಲ್ಯ ಮಡಿಲಲ್ಲೇ ಕೂತಿದೆ, ಮೊದಲು ರೆಕಾರ್ಡ್ ಮಾಡ್ಕೋ."