ಮೊದಲನೇ ಅಧ್ಯಾಯದ ಹೆಣ

ತಪ್ಪೆಲ್ಲ ಆ ಹಸಿರು ರಟ್ಟಿನದು. ಕಡತಗಳ ಕೋಣೆಯ ಗುಮಾಸ್ತ ತಾನು ಬರೆದ ಕಾದಂಬರಿಗೆ ಕಚೇರಿಯ ಕಡತದ ರಟ್ಟನ್ನೇ ಹಾಕಿದ್ದ. ಬೆಳಿಗ್ಗೆ ಅದನ್ನು ಮೇಜಿನ ಮೇಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಜವಾನ ಉಳಿದ ಕಡತಗಳ ಜೊತೆ ಅದನ್ನೂ ಎತ್ತಿಕೊಂಡು ಹೋಗಿ ಟೈಪಿಸ್ಟ್ ಮುಂದೆ ಹಾಕಿಬಿಟ್ಟಿದ್ದ.

ಮೂರು ವರ್ಷ ಊಟದ ಬಿಡುವಿನಲ್ಲಿ ಕೂತು ಬರೆದ ಭಯಾನಕ ಕಾದಂಬರಿ ಅದು. ಕತೆ ಹೇಳುವವನು ಕೊಲೆಗಾರನೇ. ‘ನಾನು ಬಾಗಿಲ ಹಿಂದೆ ನಿಂತಿದ್ದೆ. ಚೂರಿ ತಣ್ಣಗಿತ್ತು’ ಎಂದು ಶುರುಮಾಡಿ, ಒಂದು ಕಚೇರಿಯವರನ್ನು ಅಧ್ಯಾಯಕ್ಕೊಬ್ಬರಂತೆ ಮುಗಿಸುತ್ತ ಹೋಗುತ್ತಾನೆ. ಬರೆದವನೋ, ಜಿರಳೆ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಟ್ಟು ಬರುವ ಪ್ರಾಣಿ. ಅವನಿಗೆ ಯಾರ ಮೇಲೂ ಹಗೆಯಿರಲಿಲ್ಲ. ಕೊಲ್ಲುವುದಕ್ಕೆ ಬೇರೆ ಯಾರೂ ಪರಿಚಯವಿರಲಿಲ್ಲ, ಅಷ್ಟೇ.

ಸಂಜೆ ಐದಕ್ಕೆ ಪ್ರಕಾಶಕರ ಕಡೆಯವರು ಬಂದು ಅದನ್ನು ಒಯ್ಯುವವರಿದ್ದರು. ಪುಸ್ತಕದ ಮೇಲೆ ತನ್ನ ಹೆಸರು ಬರಬೇಕು ಎನ್ನುವುದೊಂದೇ ಅವನ ಆಸೆ. ಇದುವರೆಗೆ ಆ ಹೆಸರು ಅಚ್ಚಾಗಿದ್ದು ಒಂದೇ ಸಲ, ಮದುವೆಯ ಕರೆಯೋಲೆಯಲ್ಲಿ. ಅದೂ ತಪ್ಪಾಗಿ.

ಕಡತವನ್ನು ಒಂದು ಗಂಟೆ ಹುಡುಕಿ ಸೋತವನಿಗೆ ಟೈಪಿಸ್ಟ್ ಎದುರಾದಳು. ಅವಳ ಕಣ್ಣಲ್ಲಿ ನೀರಿತ್ತು.

“ಒಂಬತ್ತನೇ ಪುಟಕ್ಕೇ ನನ್ನ ಸಾಯಿಸ್ಬಿಟ್ಟಿದೀರಲ್ಲ ಸರ್?”

ಗುಮಾಸ್ತ ಅವಳ ಕೈಯಲ್ಲಿದ್ದ ಕಡತಕ್ಕೆ ಕೈ ಚಾಚಿದ. “ಅದು ನೀವಲ್ಲ ಮೇಡಂ, ಯಾರೋ ಒಬ್ಬ ಟೈಪಿಸ್ಟು...”

“ಎಡಗೈಲಿ ಟೀ ಲೋಟ ಹಿಡ್ಕೊಂಡು ಬಲಗೈಲಿ ಟೈಪ್ ಮಾಡೋರು ಇಲ್ಲಿ ಇನ್ಯಾರಿದಾರೆ? ಸಾಯಿಸಿದ್ದಕ್ಕೆ ಬೇಜಾರಿಲ್ಲ. ಆ ಸ್ಟೋರ್ ಕೀಪರ್ ನೂರ ನಲವತ್ತನೇ ಪುಟದವರೆಗೂ ಬದುಕಿರ್ತಾರೆ. ನನಗಿಂತ ಆರು ವರ್ಷ ಆದ್ಮೇಲೆ ಕೆಲಸಕ್ಕೆ ಸೇರಿದೋರು!”

ಹನ್ನೊಂದರ ಹೊತ್ತಿಗೆ ಕಡತ ಮೇಜಿನಿಂದ ಮೇಜಿಗೆ ನಡೆದಿತ್ತು. ಹೆದರಿದವರು ಒಬ್ಬರೂ ಇಲ್ಲ. ಎಲ್ಲರೂ ತಾವು ಸಾಯುವ ಪುಟ ಹುಡುಕಿ, ಪಕ್ಕದವರ ಪುಟದೊಂದಿಗೆ ತಾಳೆ ನೋಡುತ್ತಿದ್ದರು. ಗುಮಾಸ್ತ ಟೈಪಿಸ್ಟನ್ನು ಹಿಂದಕ್ಕೆ ಸರಿಸಿ ಮೊದಲನೇ ಅಧ್ಯಾಯಕ್ಕೆ ಸ್ಟೋರ್ ಕೀಪರನ್ನು ತಂದ. ಆತ ಕೆಂಡಾಮಂಡಲವಾದ.

“ಪರಿಚಯ ಆಗೋಕ್ಮುಂಚೆ ಸತ್ರೆ ಓದೋರು ನನಗೋಸ್ಕರ ಅಳ್ತಾರೇನ್ರೀ?”

ಅದೂ ನಿಜ ಅನ್ನಿಸಿ ಗುಮಾಸ್ತ ಅವನನ್ನೂ ಹಿಂದಕ್ಕೆ ಕಳಿಸಿದ. ಹೆಡ್ ಕ್ಲರ್ಕಿಗೆ ಒಂದೇ ಏಟಿಗೆ ಸಾಯುವುದು ಒಪ್ಪಿಗೆಯಾಗಲಿಲ್ಲ. “ಇಪ್ಪತ್ತೆಂಟು ವರ್ಷ ಸರ್ವಿಸ್ ಆಗಿದೆ ಕಣಪ್ಪಾ. ಒಂದೆರಡು ಮಾತಾಡಿ ಸಾಯ್ತೀನಿ” ಎಂದು ಮೂರು ಪುಟ ಕೊನೆಮಾತು ತಾವೇ ಬರೆದುಕೊಟ್ಟರು. ಕೊಲೆಗಾರ ಅಷ್ಟು ಹೊತ್ತೂ ಚೂರಿ ಎತ್ತಿ ಹಿಡಿದು ನಿಂತು ಕೇಳಬೇಕಾಯಿತು. ನಿವೃತ್ತಿಗೆ ಎರಡು ತಿಂಗಳಿದ್ದ ಜವಾನನದು ಬೇರೆಯೇ ಗೋಳು.

“ಇಷ್ಟು ದಪ್ಪ ಪುಸ್ತಕದಲ್ಲಿ ನಾನು ಇಲ್ವೇ ಇಲ್ಲ ಸ್ವಾಮಿ. ಕೊಲ್ಲೋಕೂ ಲಾಯಕ್ಕಿಲ್ವಾ ನಾನು?”

ಗುಮಾಸ್ತ ಮೊದಲನೇ ಅಧ್ಯಾಯ ಕೊಡುತ್ತೇನೆ ಎಂದ. “ಅದು ಬೇಡಿ, ಮೊಮ್ಮಕ್ಕಳು ಓದ್ತಾವೆ. ಸ್ವಲ್ಪ ಓಡಾಡಿ ಆಮೇಲೆ ಸಾಯ್ತೀನಿ” ಎಂದ ಮುದುಕ.

ನಾಲ್ಕೂವರೆಯಾದರೂ ಮೊದಲನೇ ಅಧ್ಯಾಯಕ್ಕೆ ಹೆಣ ಸಿಗಲಿಲ್ಲ. ಹೆಣವಿಲ್ಲದೆ ಭಯಾನಕ ಕಾದಂಬರಿ ಶುರುವಾಗುವುದಾದರೂ ಹೇಗೆ? ಅಷ್ಟರಲ್ಲಿ ಮ್ಯಾನೇಜರ್ ಕರೆಸಿದರು. ಕಡತ ಅವರ ಮುಂದಿತ್ತು.

“ಕೊನೇ ಅಧ್ಯಾಯದಲ್ಲಿ ನನ್ನ ಕೊಲ್ತಿದೀರಿ.”

“ಎಲ್ಲಕ್ಕಿಂತ ದೊಡ್ಡ ಜಾಗ ಅದೇ ಸರ್.”

“ನನ್ನ ಸ್ಟಾಫಿನ ಜೊತೆ ನಾನೂ ಸಾಯೋದಾ? ಹೋಗ್ಲಿ, ಈ ಕೊಲೆಗಾರ ಯಾರು? ಯಾವ ಸೆಕ್ಷನ್ನು?”

“ಯಾವ ಸೆಕ್ಷನ್ನೂ ಅಲ್ಲ ಸರ್. ಹೊರಗಿನೋನು.”

“ನಾನಿರುವಾಗ ಹೊರಗಿನೋನು ಬಂದು ಇಷ್ಟು ಜನರನ್ನ ಕೊಲ್ಲೋದು ಅಂದ್ರೇನ್ರೀ? ಆ ಕೆಲಸ ನನಗೆ ಕೊಡಿ.”

ಗುಮಾಸ್ತ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷ. ‘ಈ ಕಚೇರಿಯ ಮ್ಯಾನೇಜರ್ ನಾನೇ’ ಎಂಬ ಒಂದು ಸಾಲನ್ನು ಕೊಲೆಗಾರನ ಮಾತಿಗೆ ಸೇರಿಸಿದ. ಖಾಲಿಯಾದ ಕೊನೆಯ ಅಧ್ಯಾಯವನ್ನು ಜವಾನನಿಗೆ ಕೊಟ್ಟ. ಬಾಗಿಲಲ್ಲಿ ನಿಂತಿದ್ದ ಮುದುಕ ಎರಡೂ ಕೈ ಜೋಡಿಸಿದ.

“ಮೊದಲನೇದಕ್ಕೆ?” ಎಂದರು ಮ್ಯಾನೇಜರ್.

“ಯಾರೂ ಒಪ್ತಿಲ್ಲ ಸರ್.”

“ನೀವಿದೀರಲ್ಲ.”

ಗುಮಾಸ್ತ ಒಂದು ಗಳಿಗೆ ಯೋಚಿಸಿದ. ರಟ್ಟಿನ ಮೇಲೆ ಹೆಸರು ಬರುವುದಾದರೆ ಒಳಗೆ ಒಂದು ಸಲ ಸತ್ತರೇನು? ಅಲ್ಲೇ ನಿಂತು ಮೊದಲನೇ ಅಧ್ಯಾಯದಲ್ಲಿ ತನ್ನ ಕತ್ತನ್ನು ತಾನೇ ಕೊಯ್ಯಿಸಿಕೊಂಡ. ಹೊರಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಐದಕ್ಕೆ ಸರಿಯಾಗಿ ಪ್ರಕಾಶಕರ ಕಡೆಯವರು ಬಂದರು. ಕಡತವನ್ನು ಅವರ ಕೈಗೆ ಕೊಡುವ ಮುನ್ನ ಮ್ಯಾನೇಜರ್ ಮೊದಲ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು.

“ಇದೇನ್ರೀ, ಲೇಖಕರು ಅಂತ ನಿಮ್ಮ ಹೆಸರಿದೆ?”

“ಬರೆದಿದ್ದು ನಾನಲ್ವಾ ಸರ್.”

“ನೀವು ಒಂಬತ್ತನೇ ಪುಟದಲ್ಲೇ ಸತ್ತಿದೀರಿ. ಆಮೇಲಿನ ಇನ್ನೂರು ಪುಟ ಯಾರು ಬರೆದ್ರು ಅಂತ ಓದೋರು ಕೇಳೋಲ್ವಾ? ಕೊನೇವರೆಗೂ ಬದುಕಿರೋನು ನಾನೊಬ್ನೇ.”

“ಅದು ಸರಿ” ಎಂದರು ಪ್ರಕಾಶಕರ ಕಡೆಯವರು, ಗಂಭೀರವಾಗಿ.

ಮ್ಯಾನೇಜರ್ ಆ ಹೆಸರು ಹೊಡೆದುಹಾಕಿ ತಮ್ಮದನ್ನು ಬರೆದರು. ಗುಮಾಸ್ತನ ಮುಖ ನೋಡಿ ಅವರಿಗೂ ಪಾಪ ಅನ್ನಿಸಿತು.

“ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಮರೀತೀನಾ?” ಎಂದು ಹಾಳೆ ತಿರುವಿ, ಅಂದವಾದ ಅಕ್ಷರದಲ್ಲಿ ಬರೆದರು: ‘ಅರ್ಪಣೆ: ನಮ್ಮ ದಿವಂಗತ ಗುಮಾಸ್ತರ ನೆನಪಿಗೆ.’